ಯಾರ ಖಾತೆಗೂ ಸೇರದ ದೋಣಿ

ಸಚಿವಾಲಯದ ಮೂರನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ಕುರ್ಚಿಯಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಅವಳ ಗಂಡ ಅದೇ ಕಟ್ಟಡದಲ್ಲಿ ಜವಾನನಾಗಿದ್ದ. ಕಾಮಾಲೆ ಹತ್ತಿ, ಔಷಧ ಹತ್ತದೆ, ನೋಡನೋಡುತ್ತಿದ್ದಂತೆ ಹೋಗಿಬಿಟ್ಟ. ಅನುಕಂಪದ ಮೇಲೆ ಆ ಕೆಲಸ ಇವಳಿಗೆ ಬಂತು. ಮಕ್ಕಳಿರಲಿಲ್ಲ. ಇದ್ದವನು ತಮ್ಮ ಒಬ್ಬನೇ. ತಾಯಿ ಸತ್ತಾಗ ಅವನಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು.

ಸಂಪುಟ ಸಭೆಯ ಕೋಣೆಯನ್ನು ಸಜ್ಜು ಮಾಡುವುದು ಅವಳ ಕೆಲಸ. ನಡುವೆ ಮೊಟ್ಟೆಯಾಕಾರದ ದೊಡ್ಡ ಮೇಜು, ಸುತ್ತ ಎತ್ತರ ಬೆನ್ನಿನ ಕುರ್ಚಿಗಳು. ಗೋಡೆಗೆ ಒತ್ತಿದಂತೆ ಇನ್ನೊಂದು ಸಾಲು ಸಣ್ಣ ಕುರ್ಚಿಗಳು, ಕರೆಸಿಕೊಂಡ ಅಧಿಕಾರಿಗಳಿಗೆ. ಮೇಜನ್ನು ಒರೆಸಬೇಕು, ನೀರಿನ ಲೋಟಗಳಿಗೆ ಮುಚ್ಚಳ ಹಾಕಬೇಕು, ಯಾರ ಕುರ್ಚಿ ಎಲ್ಲಿ ಎಂದು ಮೇಲಿನಿಂದ ಹೇಳಿ ಕಳಿಸಿದಂತೆ ಹೆಸರಿನ ಹಲಗೆಗಳನ್ನು ಇಡಬೇಕು. ಮೊದಲ ದಿನವೇ ಹಿರಿಯ ಜಮಾದಾರ ಅವಳಿಗೆ ಒಂದು ಪಾಠ ಹೇಳಿದ್ದ.

"ನೋಡಮ್ಮ, ಈ ಹೊಸ್ತಿಲು ದಾಟೋ ಮುಂಚೆ ಚಪ್ಪಲಿ ಜತೆಗೆ ಕಿವೀನೂ ಬಿಚ್ಚಿ ಹೊರಗಿಡಬೇಕು. ಮನೆಗೆ ಹೋಗುವಾಗ ಬೇಕಾದ್ರೆ ಹಾಕ್ಕೊಂಡು ಹೋಗು."

ಅವಳು ನಕ್ಕಿದ್ದಳು. ಜಮಾದಾರ ನಕ್ಕಿರಲಿಲ್ಲ.

ವರ್ಷಗಳು ಉರುಳಿದಂತೆ ಸರ್ಕಾರ ಎಂಬುದು ಅವಳಿಗೆ ಒಂದು ದೊಡ್ಡ ಕೂಡುಕುಟುಂಬದ ಹಾಗೆ ಕಾಣತೊಡಗಿತು. ಮುಖ್ಯಮಂತ್ರಿ ಮನೆಯ ಯಜಮಾನ; ಕಣಜದ ಬೀಗದ ಕೈ, ಅಂದರೆ ಹಣಕಾಸು, ಯಾವಾಗಲೂ ಅವರ ಸೊಂಟದಲ್ಲೇ. ಅವರ ಎಡಬಲಕ್ಕೆ ಸಂಪುಟ ದರ್ಜೆಯ ಮಂತ್ರಿಗಳು, ಸ್ವಂತ ಒಲೆ ಹೂಡಿದ ಅಣ್ಣತಮ್ಮಂದಿರಂತೆ. ಒಬ್ಬರಿಗೆ ಕಂದಾಯ, ಒಬ್ಬರಿಗೆ ರಸ್ತೆ, ಒಬ್ಬರಿಗೆ ಶಾಲೆ. ಅವರ ಕೆಳಗೆ ರಾಜ್ಯ ದರ್ಜೆಯ ಮಂತ್ರಿಗಳು. ಹೊಸದಾಗಿ ಬಂದ ಸೊಸೆಯರ ಪಾಡು ಅವರದು: ಹೆಸರಿಗೆ ಮನೆಯವರೇ, ಕೆಲಸವೂ ಉಂಟು, ಬೀಗದ ಕೈ ಮಾತ್ರ ಇಲ್ಲ. ಕರೆದರೆ ಸಭೆಗೆ ಬರಬೇಕು, ಇಲ್ಲದಿದ್ದರೆ ಇಲ್ಲ. ಯಾರಿಗೂ ಕೊಡದೆ ಉಳಿದ ಖಾತೆಗಳೆಲ್ಲ ಯಜಮಾನರ ಹತ್ತಿರವೇ ಇರುತ್ತಿದ್ದವು.

ಪುನಾರಚನೆಯಾದ ಮಾರನೆಯ ದಿನ ನೋಡಬೇಕಿತ್ತು. ದೊಡ್ಡ ದೊಡ್ಡವರು ಏನೋ ಮರೆತವರಂತೆ ಮುಂಚೆಯೇ ಬಂದು ಬಾಗಿಲಲ್ಲಿ ಇಣುಕಿ, ತಮ್ಮ ಹಲಗೆ ಎಲ್ಲಿದೆ ಎಂದು ನೋಡಿಹೋಗುತ್ತಿದ್ದರು. ಒಮ್ಮೆ ಒಬ್ಬ ಮಂತ್ರಿಯ ಕುರ್ಚಿ ಎರಡು ಸ್ಥಾನ ಕೆಳಗೆ ಸರಿಯಿತೆಂದು, ಅವರು ಒಳಗೇ ಬರದೆ ಹೊರಗಿನ ಜವಾನರ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಕುರ್ಚಿಯಕ್ಕ ಅಲ್ಲಿಗೇ ಚಹಾ ಒಯ್ದು ಕೊಟ್ಟಿದ್ದಳು.

ತಮ್ಮ ಇದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ. ಅಲ್ಲಿ ಹೊಳೆ ಸಮುದ್ರ ಸೇರುವ ಮೊದಲು ಮೈಚೆಲ್ಲಿ ಅಗಲವಾಗುತ್ತಿತ್ತು. ಈ ದಡದಲ್ಲಿ ಮನೆಗಳು, ಪೇಟೆ. ಆ ದಡದಲ್ಲಿ ನೂಲಿನ ಗಿರಣಿ, ಆಸ್ಪತ್ರೆ, ಹೈಸ್ಕೂಲು. ಸೇತುವೆ ಇರಲಿಲ್ಲ. ರಸ್ತೆ ಹಿಡಿದು ಸುತ್ತಿ ಹೋಗಲು ಹೊರಟರೆ ಹೊತ್ತೇ ಮುಳುಗುತ್ತಿತ್ತು. ಜನರನ್ನು ದಾಟಿಸಲು ಸರ್ಕಾರದ ಒಂದು ಯಂತ್ರದ ದೋಣಿ ಇತ್ತು, ತಗಡಿನ ತಳ, ಮೇಲೆ ತಗಡಿನದೇ ಚಾವಣಿ. ಅದನ್ನು ನಡೆಸುವವನು ಅವನು. ಲೋಕೋಪಯೋಗಿ ಇಲಾಖೆಯ ನೌಕರ. ದಿನಾ ದಾಟುವವರ ಹೆಸರು, ಅವರ ಮನೆಯ ಕಷ್ಟಸುಖ ಎಲ್ಲ ಅವನ ಬಾಯಲ್ಲಿತ್ತು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ, ಎಲ್ಲ.

ಒಂದು ವರ್ಷ ಚುನಾವಣೆಯಲ್ಲಿ ಸರ್ಕಾರಕ್ಕೆ ಬಹುಮತ ಸಾಲದೆ ಬಂತು. ಬೆಂಬಲ ಕೊಟ್ಟ ಸಣ್ಣ ಪಕ್ಷ ಮಂತ್ರಿಗಿರಿ ಕೇಳಿತು. ಇರುವ ಖಾತೆಗಳಲ್ಲಿ ಯಾರೂ ಬಿಟ್ಟುಕೊಡಲೊಪ್ಪರು. ಕೊನೆಗೆ ಮುಖ್ಯಮಂತ್ರಿಗಳು ನಾಲ್ಕು ಜನ ಮುಖಂಡರನ್ನು ಕೂರಿಸಿಕೊಂಡು ಲೋಕೋಪಯೋಗಿಯನ್ನೇ ಹೋಳು ಮಾಡಲು ಹೊರಟರು. ಕುರ್ಚಿಯಕ್ಕ ನೀರು ತುಂಬುತ್ತಿದ್ದಳು.

"ರಸ್ತೆ, ಕಟ್ಟಡ ನನಗಿರಲಿ," ಎಂದರು ಲೋಕೋಪಯೋಗಿ ಮಂತ್ರಿ. ಹೊಟ್ಟೆ ಕುಣಿಸಿ ನಗುವ ಮನುಷ್ಯ. "ಬಂದರು ಬೇಕಾದ್ರೆ ಕಂದಾಯದವರು ತಗೊಳ್ಳಲಿ."

"ದೋಣಿಗಳು?" ಎಂದರು ಮುಖ್ಯಮಂತ್ರಿಗಳು.

"ದೋಣಿ ಯಾರಿಗ್ರೀ ಬೇಕು? ಹೊಸಬರಿಗೆ ಕೊಡಿ. ಕೂತ್ಕೊಂಡು ಹುಟ್ಟು ಹಾಕ್ತಾ ಇರ್ತಾರೆ."

ಎಲ್ಲರೂ ನಕ್ಕರು. ಹೀಗೆ ಒಳನಾಡು ಜಲಸಾರಿಗೆ ಎಂಬ ಹೊಸ ಖಾತೆ ಹುಟ್ಟಿತು. ಬೆಂಬಲ ಪಕ್ಷದಿಂದ ಮೊದಲ ಸಲ ಗೆದ್ದು ಬಂದಿದ್ದ ಒಬ್ಬ ಯುವಕ ರಾಜ್ಯ ದರ್ಜೆಯ ಮಂತ್ರಿಯಾಗಿ ಪ್ರಮಾಣ ಮಾಡಿ ಅದರ ಮೇಲೆ ಕೂತ. ದೋಣಿ ಅವನ ಖಾತೆಗೆ ಹೋಯಿತು. ದುರಸ್ತಿಯ ಅನುದಾನ ರಸ್ತೆಯವರ ಹತ್ತಿರ ಉಳಿಯಿತು. ದೋಣಿ ಪರೀಕ್ಷೆ ಮಾಡುವ ಎಂಜಿನಿಯರು ಬಂದರಿನ ಜತೆ ಕಂದಾಯಕ್ಕೆ ಹೋದ.

ಬೇಸಿಗೆಯಲ್ಲಿ ತಮ್ಮ ಅಕ್ಕನ ಮನೆಗೆ ಬಂದ. ಉಂಡು ಕೈ ತೊಳೆದವನು ಗೋಡೆಗೊರಗಿ ಸುಮ್ಮನೆ ಕೂತ. ಸುಮ್ಮನಿರುವ ಜಾತಿಯವನಲ್ಲ.

"ಏನಾಯ್ತೋ?"

"ದೋಣಿ ತಳ ತಿಂದುಹೋಗಿದೆ ಅಕ್ಕ. ಬೆರಳಲ್ಲಿ ಒತ್ತಿದ್ರೆ ತುಕ್ಕು ಹಪ್ಪಳದ ಥರ ಮುರಿಯುತ್ತೆ. ನೀರೆತ್ತೋ ಪಂಪು ನಿಲ್ಲಿಸೋ ಹಾಗೇ ಇಲ್ಲ. ಹಳೇ ಆಫೀಸಿಗೆ ಹೋದ್ರೆ ನೀನು ನಮ್ಮವನಲ್ಲ ಅಂತಾರೆ. ಹೊಸ ಆಫೀಸು ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ."

"ಹಾಗಾದ್ರೆ ನಡೆಸಬೇಡ. ಕಟ್ಟಿಹಾಕು."

"ಕಟ್ಟಿಹಾಕಿದ್ದೆ. ಗಿರಣಿಯವರು ಗಲಾಟೆ ಮಾಡಿದ್ರು. ಹೆರಿಗೆ ನೋವು ಬಂದ ಹೆಂಗಸನ್ನ ಆ ದಡದ ಆಸ್ಪತ್ರೆಗೆ ಸಾಗಿಸೋಕೆ ಆಗ್ಲಿಲ್ಲ ಅಂತ ಜನ ಕಲ್ಲು ತಗೊಂಡ್ರು. ಸಂಜೆಯೊಳಗೆ ನೋಟೀಸು ಬಂತು, ಕರ್ತವ್ಯಲೋಪ ಅಂತ. ರಿಪೇರಿ ಮಾಡೋಕೆ ಯಾರೂ ಇಲ್ಲ, ನೋಟೀಸು ಕೊಡೋಕೆ ಇದ್ದಾರೆ ನೋಡು." ಅವನು ತಲೆ ಎತ್ತಿದ. "ಅಕ್ಕ, ನೀನು ಅವರನ್ನೆಲ್ಲ ವಾರವಾರ ನೋಡ್ತೀಯಲ್ಲ. ಒಂದು ಮಾತು ಹಾಕು."

"ಅಲ್ಲಿ ನಾನು ಗೋಡೆ ಕಣೋ. ಗೋಡೆ ಮಾತಾಡಿದ್ರೆ ಕೆಡವ್ತಾರೆ."

ಹಾಗೆಂದರೂ ಅವಳು ಸುಮ್ಮನಿರಲಿಲ್ಲ. ಮುಂದಿನ ವಾರ ಸಭೆ ಮುಗಿದು ಎಲ್ಲರೂ ಎದ್ದಾಗ, ಲೋಕೋಪಯೋಗಿ ಮಂತ್ರಿಯ ಹಿಂದೆಯೇ ಹೋಗಿ ಕಾರಿಡಾರಿನಲ್ಲಿ ಕೈ ಮುಗಿದಳು. ಅವರು ಕೇಳಿಸಿಕೊಂಡರು. ಹೆಗಲು ತಟ್ಟದಿದ್ದುದೊಂದೇ ಕಡಿಮೆ.

"ನಮ್ಮ ಕುರ್ಚಿಯಕ್ಕನ ತಮ್ಮನಾ? ಅಯ್ಯೋ, ಮೊದಲೇ ಬರಬಾರದಾ! ಈಗ ಅದು ನನ್ನದಲ್ಲಮ್ಮ. ಹೊಸ ಹುಡುಗನ ಹತ್ರ ಹೋಗು."

ಹೊಸ ಮಂತ್ರಿಯ ಕೋಣೆ ಕಾರಿಡಾರಿನ ತುದಿಯಲ್ಲಿತ್ತು, ಹಿಂದೆ ಹಳೆ ಪತ್ರಿಕೆ ಇಡುತ್ತಿದ್ದ ಜಾಗ. ಗೋಡೆಗೆ ಬಳಿದ ಸುಣ್ಣ ಇನ್ನೂ ಹಸಿಯಿತ್ತು. ಅವನು ಅವಳನ್ನು ಕೂರಿಸಿದ. ಅಷ್ಟು ವರ್ಷಗಳಲ್ಲಿ ಅವಳಿಗೆ ಕುರ್ಚಿ ತೋರಿಸಿದ ಮೊದಲ ಮಂತ್ರಿ ಅವನು. ಎಲ್ಲ ಕೇಳಿ, ಹಣೆ ಒತ್ತಿಕೊಂಡ.

"ಏನು ಹೇಳ್ಲಮ್ಮ ನಿಮಗೆ. ಖಾತೆ ಕೊಟ್ಟಿದಾರೆ, ಸ್ವತಂತ್ರ ಹೊಣೆ ಅಂತ ಆದೇಶ ಇನ್ನೂ ಬಂದಿಲ್ಲ. ನಾನು ಬರೆದದ್ದು ಮೇಲಿನ ಮಂತ್ರಿಗೆ ಹೋಗಬೇಕು. ಮೇಲಿನ ಮಂತ್ರಿ ಯಾರು ಅಂತಾನೇ ತೀರ್ಮಾನ ಆಗಿಲ್ಲ. ಆದ್ರೂ ನೋಡ್ತೀನಿ. ಖಂಡಿತ ನೋಡ್ತೀನಿ."

ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಅದನ್ನು ನಂಬಿ ಅವಳು ಮಳೆ ಹಿಡಿಯುವ ತನಕ ಕಾದಳು. ಆಮೇಲೆ ಒಂದು ದಿನ, ಲಿಫ್ಟಿಗೆ ಕಾಯುತ್ತಿದ್ದ ಮುಖ್ಯಮಂತ್ರಿಗಳ ಎದುರೇ ನಿಂತುಬಿಟ್ಟಳು. ಅಂಗರಕ್ಷಕ ಕೈ ಅಡ್ಡ ಹಿಡಿದ. ಮುಖ್ಯಮಂತ್ರಿಗಳು ಅವನನ್ನು ತಡೆದು, ಎರಡು ಮಾತು ಕೇಳಿ, ಪಕ್ಕದ ಕಾರ್ಯದರ್ಶಿಗೆ "ಇದನ್ನ ಸಂಬಂಧಪಟ್ಟವರಿಗೆ ಹೇಳಿ" ಎಂದರು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಸಂಬಂಧಪಟ್ಟವರು ಯಾರು ಎಂದು ಕಾರ್ಯದರ್ಶಿ ಕೇಳಲಿಲ್ಲ, ಅವರೂ ಹೇಳಲಿಲ್ಲ.

ದೋಣಿ ಮುಳುಗಿದ್ದು ಬೆಳಗಿನ ಪಾಳಿಯ ಹೊತ್ತಿಗೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಸುದ್ದಿ ಬಂದಾಗ ಸಂಪುಟ ಸಭೆ ನಡೆಯುತ್ತಿತ್ತು. ಕಾರ್ಯದರ್ಶಿ ಬಗ್ಗಿ ಮುಖ್ಯಮಂತ್ರಿಗಳ ಕಿವಿಯಲ್ಲಿ ಏನೋ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊಳೆಬಾಯಿಯಲ್ಲಿ ದೋಣಿ ಮುಳುಗಿದೆಯಂತೆ. ಗಿರಣಿಗೆ ಹೋಗೋ ಹೆಂಗಸರೇ ಜಾಸ್ತಿ ಇದ್ರಂತೆ." ಮೇಜಿನ ಸುತ್ತ ಕಣ್ಣಾಡಿಸಿ ಕೇಳಿದರು, "ಇದು ಯಾರ ಖಾತೆ?"

ಲೋಕೋಪಯೋಗಿ ಮಂತ್ರಿ ಕಂದಾಯ ಮಂತ್ರಿಯ ಮುಖ ನೋಡಿದರು. ಕಂದಾಯ ಮಂತ್ರಿ ಮುಂದಿದ್ದ ಕಾಗದ ನೋಡಿದರು. ಹೊಸ ಮಂತ್ರಿಯನ್ನು ಅವತ್ತು ಸಭೆಗೆ ಕರೆದೇ ಇರಲಿಲ್ಲ.

ಕುರ್ಚಿಯಕ್ಕನ ಕೈಯಲ್ಲಿ ನೀರಿನ ಜಗ್ಗಿತ್ತು. ಅದನ್ನು ಮೇಜಿನ ಮೇಲೆ ಇಟ್ಟಳೋ ಬಿಟ್ಟಳೋ ಅವಳಿಗೆ ನೆನಪಿಲ್ಲ.

"ನಡೆಸೋನು ಬದುಕಿದಾನಾ ಸ್ವಾಮಿ?"

ಆ ಕೋಣೆಯಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು. ಎಲ್ಲ ತಲೆಗಳೂ ತಿರುಗಿದವು. ಜಮಾದಾರ ಬಂದು ಅವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದ. ಬೈಯಲಿಲ್ಲ. ತನ್ನ ಜೇಬಿನಿಂದ ಬಸ್ಸಿನ ಖರ್ಚು ತೆಗೆದು ಅವಳ ಕೈಯಲ್ಲಿಟ್ಟ.

ತಮ್ಮ ಬದುಕಿದ್ದ. ಕೈಗೆ ಸಿಕ್ಕವರನ್ನು ಎಳೆದು ದಡಕ್ಕೆ ಹಾಕಿ, ಮತ್ತೆ ನೀರಿಗೆ ಬಿದ್ದು, ಕೊನೆಗೆ ಅವನನ್ನೇ ಬೇರೆಯವರು ಎಳೆದು ತಂದಿದ್ದರು. ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಮಂಚದ ಪಕ್ಕ ಪೊಲೀಸಿನವನು ಕೂತಿದ್ದ. ಅವನ ಮನೆಯ ಹೆಂಚುಗಳಿಗೆ ಕಲ್ಲು ಬಿದ್ದಿತ್ತು. ನಾದಿನಿ, ತಮ್ಮನ ಹೆಂಡತಿ, ಉಟ್ಟ ಬಟ್ಟೆಯಲ್ಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಡುಗುತ್ತ ಕೂತಿದ್ದಳು.

"ಅತ್ತಿಗೆ, ಅವರು ಕೊಲೆಗಾರ ಅಂತ ಕೂಗಿದ್ರು," ಎಂದಳು. "ನಿನ್ನೆ ತನಕ ಅಣ್ಣ ಅಣ್ಣ ಅಂತಿದ್ದೋರು."

ಸಂಜೆಗೆ ಲೋಕೋಪಯೋಗಿ ಮಂತ್ರಿ ಪತ್ರಿಕೆಯವರಿಗೆ ಹೇಳಿಕೆ ಕೊಟ್ಟರು: ಚಾಲಕ ಮಿತಿಮೀರಿ ಜನ ತುಂಬಿಸಿದ್ದೇ ಕಾರಣ. ಜನ ಹೆಚ್ಚಾಗಿದ್ದದ್ದೂ ನಿಜ. ಮಳೆಯಲ್ಲಿ ನೆನೆಯುತ್ತ ನಿಂತು, ತಡವಾದರೆ ಗಿರಣಿಯ ಗೇಟು ಮುಚ್ಚುತ್ತದೆಂದು ಗೋಗರೆಯುವ ಹೆಂಗಸರನ್ನು ದಡದಲ್ಲಿ ಬಿಟ್ಟು ಬರಲು ಅವನಿಗೆ ಬರುತ್ತಿರಲಿಲ್ಲ. ವಿಧಾನಸಭೆಯಲ್ಲಿ ವಿರೋಧ ಪಕ್ಷದವರು ಕೂಗಾಡಿದಾಗ ಮುಖ್ಯಮಂತ್ರಿಗಳು ಎದ್ದು, ಇದು ಇಡೀ ಸಂಪುಟದ ಸಾಮೂಹಿಕ ಹೊಣೆ ಎಂದರು. ಎಲ್ಲರೂ ಮೇಜು ಕುಟ್ಟಿದರು. ಎಲ್ಲರ ಹೊಣೆ ಎಂದ ಮೇಲೆ ಒಬ್ಬೊಬ್ಬರ ಪಾಲಿಗೆ ಏನೂ ಉಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ; ಜೈಲಿಗೆ ಹೋದವನು ತಮ್ಮ.

ನಿವೃತ್ತ ನ್ಯಾಯಾಧೀಶರೊಬ್ಬರ ತನಿಖಾ ಆಯೋಗ ಕೂತಿತು. ಗೊತ್ತಿದ್ದವರು ಬಂದು ಹೇಳಬಹುದು ಎಂದು ಪ್ರಕಟಣೆ ಬಂತು. ಕುರ್ಚಿಯಕ್ಕ ಹೋಗುತ್ತೇನೆಂದಾಗ ಜಮಾದಾರ ಅವಳನ್ನು ಮೆಟ್ಟಿಲ ಕೆಳಗೆ ಕರೆದ.

"ನಿವೃತ್ತಿಗೆ ಇನ್ನೆಷ್ಟು ವರ್ಷ ಇದೆ ನಿಂಗೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅನ್ನೋ ಜನ ಇವರು. ನಿನ್ನ ಉಳಿಸ್ತಾರಾ?"

"ಉಳಿಸೋದು ಬೇಡಣ್ಣ. ಅವನನ್ನ ಸೊಂಟದ ಮೇಲೆ ಹೊತ್ತವಳು ನಾನು."

ಆಯೋಗ ಕೂತಿದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ. ಫ್ಯಾನು ಕಿರುಗುಟ್ಟುತ್ತಿತ್ತು. ಇಬ್ಬರು ಮಂತ್ರಿಗಳಿಗೂ ಮುಖ್ಯಮಂತ್ರಿಗಳಿಗೂ ತಾನು ಹೇಳಿದ್ದನ್ನು ಅವಳು ಹೇಳಿದಳು. ನ್ಯಾಯಾಧೀಶರು ಬರೆದುಕೊಂಡರು. ಸರ್ಕಾರದ ವಕೀಲ ಮೃದುವಾಗಿಯೇ ಎದ್ದ.

"ಯಾವ ತಾರೀಕು ತಾಯಿ?"

"ಬೇಸಿಗೆ ಕೊನೆ..."

"ತಾರೀಕು ಕೇಳಿದ್ದು."

ಅವಳು ಬೆರಳು ಮಡಚಿ ಎಣಿಸತೊಡಗಿದಳು. ವಕೀಲ ಕಾಯಲಿಲ್ಲ.

"ಅಲ್ಲಿ ಬೇರೆ ಯಾರಾದ್ರೂ ಇದ್ರಾ, ನೀವು ಹೇಳಿದ್ದು ಕೇಳಿಸ್ಕೊಂಡೋರು?"

ಇದ್ದರು. ಕಾರ್ಯದರ್ಶಿ, ಅಂಗರಕ್ಷಕ. ಅವರು ಬಂದು ಹೇಳುತ್ತಾರೆಯೇ? ಅವಳು ಇಲ್ಲವೆಂದು ತಲೆ ಆಡಿಸಿದಳು.

"ಮಂತ್ರಿಗಳ ಹತ್ರ ಇಲಾಖೆ ವಿಷಯ ಮಾತಾಡೋದು ನಿಮ್ಮ ಕೆಲಸದಲ್ಲಿ ಸೇರಿದೆಯಾ?"

"ಇಲ್ಲ ಸಾರ್."

"ಆರೋಪಿ ನಿಮ್ಮ ಒಡಹುಟ್ಟಿದವನು ಅಲ್ವಾ?"

"ಹೌದು."

ವಕೀಲ ಕೂತ. ಅವನಿಗೆ ಏನು ಹೇಳಬೇಕಿತ್ತು ಎಂಬುದೆಲ್ಲ ಅವಳಿಗೆ ಹೊಳೆದದ್ದು ಬಸ್ಸಿಗೆ ಕಾಯುವಾಗ. ಅಷ್ಟು ಹೊತ್ತಿಗೆ ಸಭಾಂಗಣಕ್ಕೆ ಬೀಗ ಬಿದ್ದಿತ್ತು.

ಅವಳನ್ನು ಕಲಕಿದ್ದು ವಕೀಲನಲ್ಲ. ಅವಳಾದ ಮೇಲೆ ಆ ಹೊಸ ಮಂತ್ರಿ ಸಾಕ್ಷಿ ಹೇಳಿದ್ದ. ಅಷ್ಟರಲ್ಲಿ ಅವನನ್ನು ಸಂಪುಟದಿಂದ ಕೈಬಿಟ್ಟಿದ್ದರು. ಮುಂದಿನ ಪುನಾರಚನೆಯಲ್ಲಿ ಮತ್ತೆ ಸೇರಿಸಿಕೊಳ್ಳುತ್ತೇವೆಂಬ ಭರವಸೆಯೂ ಇತ್ತಂತೆ. "ಈ ಹೆಂಗಸು ಬಂದಿದ್ದರಾ?" ಎಂದು ಕೇಳಿದಾಗ, ಅವನು ಅವಳ ಕಡೆ ನೋಡದೆ ಹೇಳಿದ, "ಬಂದಿರಬಹುದು. ದಿನಾ ಎಷ್ಟೋ ಜನ ಬರ್ತಾರೆ." ಕುರ್ಚಿ ತೋರಿಸಿ ಕೂರಿಸಿದ್ದವನು. ಬೇರೆಯವರು ಅಂದಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಪತ್ರಿಕೆಯಲ್ಲಿ ಅವಳ ಸಾಕ್ಷಿಯ ಸುದ್ದಿ ಮೂಲೆಯಲ್ಲೆಲ್ಲೋ ಬಂತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಅಪರಿಚಿತ ಹೆಂಗಸು ನಿಂತಿದ್ದಳು. ಹೊಳೆಯಲ್ಲಿ ಅವಳ ಮಗಳು ಹೋಗಿದ್ದಳು, ಗಿರಣಿಗೆ ಸೇರಿ ತಿಂಗಳಾಗಿತ್ತು. ಅಷ್ಟರಲ್ಲಿ ಕುರ್ಚಿಯಕ್ಕನ ಮನೆಗೇ ಬಂದು ಸೇರಿದ್ದ ನಾದಿನಿ ಅವಳನ್ನು ಗುರುತು ಹಿಡಿದು ಗೋಡೆಯ ಮರೆಗೆ ಸರಿದಳು. ಊರಿನ ಮನೆಗೆ ಮೊದಲ ಕಲ್ಲು ಬಿದ್ದದ್ದು ಇವಳ ಕೈಯಿಂದಲೇ. ಬಂದವಳು ಹೊಸ್ತಿಲ ಹತ್ತಿರವೇ ನೆಲದ ಮೇಲೆ ಕೂತಳು. ಕೊಟ್ಟ ನೀರು ಕುಡಿದಳು.

"ನಿಮ್ಮ ತಮ್ಮ ದೋಣಿ ನಿಲ್ಲಿಸಿದ ದಿನ ಅವನನ್ನ ಬೈದೋರಲ್ಲಿ ನಾನೂ ಒಬ್ಬಳು," ಎಂದಳು. "ಮಗಳ ಕೂಲಿ ಹೋಯ್ತು ಅಂತ." ಖಾಲಿ ಲೋಟ ಕೆಳಗಿಟ್ಟು, "ಅವತ್ತು ಅವನು ಕಟ್ಟೇ ಹಾಕಿದ್ರೆ ಆಗ್ತಿತ್ತು," ಎಂದಳು.

ಅದು ಕ್ಷಮೆಯೋ, ಆರೋಪವೋ ಕುರ್ಚಿಯಕ್ಕನಿಗೆ ತಿಳಿಯಲಿಲ್ಲ. ಬಂದವಳಿಗೂ ತಿಳಿದಿರಲಾರದು. ಎದ್ದು ಹೋಗುವಾಗ ಅವಳು ನಾದಿನಿಯ ಕೆನ್ನೆಯನ್ನು ಒಮ್ಮೆ ಮುಟ್ಟಿದಳು.

ಆಯೋಗದ ವರದಿ ದಪ್ಪವಾಗಿತ್ತು. ಇಲಾಖೆಗಳ ನಡುವೆ ಸಮನ್ವಯದ ಕೊರತೆ ಇತ್ತು, ಖಾತೆ ಹಂಚುವಾಗ ಇನ್ನಷ್ಟು ಸ್ಪಷ್ಟತೆ ಬೇಕು ಎಂದಿತ್ತು. ಯಾವ ಮಂತ್ರಿಯ ಮೇಲೂ ಬೆರಳು ತೋರಿಸಿರಲಿಲ್ಲ. ನ್ಯಾಯಾಲಯ ತಮ್ಮನಿಗೆ ಶಿಕ್ಷೆ ಕೊಟ್ಟಿತು. ಕುರ್ಚಿಯಕ್ಕನನ್ನು ಮೂರನೇ ಮಹಡಿಯಿಂದ ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದರು. ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಿಟಕಿ ಇಲ್ಲದ ಜಾಗ. ಮಳೆ ಬರುತ್ತಿದೆಯೋ ಬಿಸಿಲಿದೆಯೋ ಮೇಲಿನಿಂದ ಇಳಿದು ಬಂದವರ ಬಟ್ಟೆ ನೋಡಿ ತಿಳಿಯಬೇಕು.

ತಿಂಗಳಿಗೊಮ್ಮೆ ಅತ್ತಿಗೆ ನಾದಿನಿ ಇಬ್ಬರೂ ಜೈಲಿಗೆ ಹೋಗುತ್ತಿದ್ದರು. ಸರಳಿನ ಆಚೆ ನಿಂತ ತಮ್ಮ ತನ್ನ ಸುದ್ದಿ ಹೇಳುತ್ತಿರಲಿಲ್ಲ. ಸತ್ತವರ ಮನೆಯವರ ಸುದ್ದಿ ಕೇಳುತ್ತಿದ್ದ. ಬಳೆ ಅಂಗಡಿಯವಳ ಗಂಡ ಮತ್ತೆ ಮದುವೆಯಾದನಾ? ಅವಳಿ ಅಕ್ಕತಂಗಿಯರಲ್ಲಿ ಉಳಿದವಳು ಕೆಲಸಕ್ಕೆ ಹೋಗುತ್ತಿದ್ದಾಳಾ? ಗೊತ್ತಿದ್ದರೆ ಹೇಳುತ್ತಿದ್ದರು. ಇಲ್ಲದಿದ್ದರೆ, ಗೊತ್ತಿಲ್ಲ ಎನ್ನುತ್ತಿದ್ದರು.

ಅವನು ಹೊರಬರುವ ಹೊತ್ತಿಗೆ ಸರ್ಕಾರ ಬದಲಾಗಿ, ಲೋಕೋಪಯೋಗಿ ಮಂತ್ರಿಯಾಗಿದ್ದವರು ಮುಖ್ಯಮಂತ್ರಿಯಾಗಿದ್ದರು. ಕುರ್ಚಿಯಕ್ಕ ನಿವೃತ್ತಳಾಗಿದ್ದಳು. ತಮ್ಮನಿಗೆ ಇಟ್ಟಿಗೆ ಗೂಡಿನಲ್ಲಿ ಕೆಲಸ ಸಿಕ್ಕಿತು. ಕೂದಲು ಪೂರಾ ಬೆಳ್ಳಗಾಗಿತ್ತು. ಮೂರೂ ಜನ ಒಂದೇ ಕೋಣೆಯ ಮನೆಯಲ್ಲಿ ಬದುಕತೊಡಗಿದರು.

ಒಂದು ದಿನ ಅವನು, "ಹೊಳೆಯಲ್ಲಿ ಹೋದವರ ಮನೆಗಳಿಗೆಲ್ಲ ಹೋಗಿಬರ್ತೀನಿ," ಎಂದ.

"ಹೊಡೀತಾರೆ ಕಣೋ."

"ಹೊಡೀಲಿ."

ಒಬ್ಬನನ್ನೇ ಕಳಿಸಲು ಮನಸ್ಸು ಬಾರದೆ ಅವಳೂ ಹೊರಟಳು. ರಜೆ ಸಿಕ್ಕಿದಾಗಲೆಲ್ಲ ಒಂದೊಂದು ಮನೆ. ಕೆಲವರು ಮುಖ ನೋಡಿದ ಕೂಡಲೇ ಬಾಗಿಲು ಹಾಕಿಕೊಂಡರು. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮೈಮೇಲೆ ಏರಿ ಬಂದು, ಅವನ ಬಿಳಿ ಕೂದಲು ನೋಡಿ ಕೈ ಇಳಿಸಿದ. ಕೆಲವರು ಒಳಗೆ ಕರೆದು ಚಾಪೆ ಹಾಕಿದರು. ತಮ್ಮ ಎಲ್ಲಿಯೂ ತನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಮಂತ್ರಿಗಳ ಸುದ್ದಿಯನ್ನಂತೂ ಎತ್ತಲೇ ಇಲ್ಲ.

ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಒಂಟಿಯಾಗಿದ್ದ. ಹೊಳೆಯಲ್ಲಿ ಹೋದದ್ದು ಅವನ ಸೊಸೆ. ಕಣ್ಣು ಮಂಜಾಗಿತ್ತು. ಯಾರು ಬಂದಿದ್ದಾರೆ ಎಂದು ತಿಳಿದ ಮೇಲೆ ಬಹಳ ಹೊತ್ತು ಕೋಲಿನ ತುದಿಯಿಂದ ನೆಲ ಕೆರೆಯುತ್ತ ಕೂತ. ಆಮೇಲೆ ಕೇಳಿದ, "ಕೊನೇಲಿ ಅವಳು ಏನಾದ್ರೂ ಅಂದಳಾ ಮಗಾ?"

ಮಾವ ಅಂದಳು, ದೇವರೇ ಅಂದಳು, ಏನಾದರೊಂದು ಹೇಳಿಬಿಡಬಾರದೇ ಎಂದು ಅಕ್ಕ ತಮ್ಮನ ಮುಖ ನೋಡಿದಳು.

"ಇಲ್ಲ ಅಜ್ಜ," ಎಂದ ತಮ್ಮ. "ನೀರು ಒಳಗೆ ನುಗ್ಗಿದಾಗ ಎಲ್ಲರೂ ಒಟ್ಟಿಗೆ ಕೂಗಿದ್ರು. ಯಾರ ದನಿ ಯಾರದು ಅಂತ ಗೊತ್ತಾಗ್ಲಿಲ್ಲ."

ಮುದುಕ ತಲೆದೂಗಿದ. "ಹಾಗಾದ್ರೆ ಒಬ್ಬಳೇ ಇರಲಿಲ್ಲ," ಎಂದ. "ಜತೆಗೆ ಜನ ಇದ್ರು."

"ಇದ್ರು."

ಮುದುಕ ಅಲ್ಲೇ ಕೂತಂತೆಯೇ ನಿದ್ದೆ ಹೋದ. ಅಕ್ಕ ತಮ್ಮ ಸದ್ದಾಗದಂತೆ ಎದ್ದು, ಬಾಗಿಲು ಮುಂದೆ ಮಾಡಿ, ಓಣಿಗಿಳಿದರು. ಬಸ್ ನಿಲ್ದಾಣದ ತನಕ ಅವನು ಅವಳ ಮುಂದೆ ಮುಂದೆ ನಡೆದ. ಮಾರನೆಯ ಬೆಳಿಗ್ಗೆ ಗೂಡಿನ ಕೆಲಸಕ್ಕೆ ಹೊರಡಬೇಕಿತ್ತು.